ಸ್ಟಾಕ್ ಲೆಕ್ಕದ ಕೋರ್ಸ್‌ಗೆ ಎಷ್ಟು ಬೆಲೆ ಇಡೋದು, ಯಾರಿಗೆ ಮಾರೋದು?

ದಾಸ್ತಾನುಪುಟ:

ಎಲ್ಲರಿಗೂ ನಮಸ್ಕಾರ. ಗೋದಾಮು, ಪರ್ಚೇಸ್ ಕಡೆ ಬಹಳ ವರ್ಷ ಕೆಲಸ ಮಾಡಿದೀನಿ, ಅಲ್ಲಿ ಕಲ್ತಿದ್ದನ್ನೆಲ್ಲ ಸೇರಿಸಿ ಒಂದು ಕೋರ್ಸ್ ಮಾಡಿ ಆನ್‌ಲೈನಲ್ಲಿ ಮಾರ್ಬೇಕು ಅಂತಿದೀನಿ. ಒಂದು ಪಿಡಿಎಫ್ ಗೈಡ್ ಇದೆ, ಸ್ಪ್ರೆಡ್‌ಶೀಟ್ ಟೆಂಪ್ಲೇಟ್‌ಗಳಿವೆ, ಅವನ್ನ ಹೇಗೆ ತುಂಬ್ಬೇಕು ಅಂತ ತೋರಿಸೋ ಚಿಕ್ಕ ಚಿಕ್ಕ ವಿಡಿಯೋಗಳಿವೆ. ಯಾವ ಮಾಲು ಎಷ್ಟಿದೆ, ಮತ್ತೆ ಯಾವಾಗ ಆರ್ಡರ್ ಹಾಕ್ಬೇಕು, ಯಾವುದು ಮೂಲೆ ಹಿಡಿದು ಕೂತು ದುಡ್ಡನ್ನ ಕಟ್ಟಿಹಾಕಿದೆ, ಇದನ್ನೆಲ್ಲ ದೊಡ್ಡ ಸಾಫ್ಟ್‌ವೇರ್ ಇಲ್ದೆ ಹಿಡಿಯೋದು ಹೇಗೆ ಅನ್ನೋದು ವಿಷಯ.

ಉದಾಹರಣೆಗೆ ಒಂದು ಐಟಂ ದಿನಕ್ಕೆ ಸರಾಸರಿ 12 ಪೀಸ್ ಹೋಗುತ್ತೆ, ಸಪ್ಲೈಯರ್ ಕಡೆಯಿಂದ ಮಾಲು ಬರೋಕೆ 10 ದಿನ ಬೇಕು, ಹೆಚ್ಚು ಕಮ್ಮಿ ಆದ್ರೆ ಇರ್ಲಿ ಅಂತ 30 ಪೀಸ್ ಸೇಫ್ಟಿ ಸ್ಟಾಕ್. ಹಾಗಾದ್ರೆ ಸ್ಟಾಕ್ 150ಕ್ಕೆ ಇಳಿದ ಕೂಡ್ಲೆ ಆರ್ಡರ್ ಹೋಗ್ಬೇಕು. ನನ್ನ ಶೀಟಲ್ಲಿ ಅಷ್ಟೊತ್ತಿಗೆ ಆ ಸಾಲು ಕೆಂಪಾಗುತ್ತೆ. ಜೊತೆಗೆ ಎಬಿಸಿ ಅನಾಲಿಸಿಸ್ (ಯಾವುದರಲ್ಲಿ ಹೆಚ್ಚು ದುಡ್ಡು ಇದೆ ಅಂತ ನೋಡಿ ಮಾಲನ್ನ ಮೂರು ಗುಂಪು ಮಾಡೋದು), ಎಣಿಕೆ ಪಟ್ಟಿ, ನಿಧಾನಕ್ಕೆ ಹೋಗೋ ಮಾಲಿನ ವರದಿ ಇಂಥವೆಲ್ಲ ಇವೆ.

ಈಗ ತಲೆಬಿಸಿ ಇರೋದು ಬೆಲೆ ವಿಷ್ಯದಲ್ಲಿ. ಬೇರೆಯವ್ರ ಕೋರ್ಸ್ ನೋಡಿದ್ರೆ ಒಂದಕ್ಕೊಂದು ತಾಳ ಇಲ್ಲ, ಹೆಚ್ಚುಕಮ್ಮಿ ಒಂದೇ ಥರದ ವಿಷ್ಯಕ್ಕೆ ಒಬ್ರು ಇಟ್ಟಿರೋದರ ಮೂವತ್ತು ಪಟ್ಟು ಇನ್ನೊಬ್ರು ಇಟ್ಟಿದಾರೆ. ಪುಟ ಎಷ್ಟು, ವಿಡಿಯೋ ಎಷ್ಟು ಗಂಟೆ ಅಂತ ನೋಡಿ ಬೆಲೆ ಕಟ್ಟೋಣ ಅಂದ್ರೆ ನಂದು ಚಿಕ್ಕದು, ಬೇಕು ಅಂತಲೇ ಚಿಕ್ಕದು ಮಾಡಿರೋದು. ಗೆಳೆಯರನ್ನ ಕೇಳಿದ್ರೆ ಮೊದ್ಲು ಕಮ್ಮಿ ಇಡು, ಜನ ಬರ್ಲಿ, ಆಮೇಲೆ ಏರ್ಸು ಅಂತಾರೆ.

ಇನ್ನೊಂದು, ಇದು ಯಾರಿಗೆ ಅನ್ನೋದೂ ಪಕ್ಕಾ ಆಗಿಲ್ಲ. ಕೆಲಸ ಹುಡುಕ್ತಿರೋ ಕಾಮರ್ಸ್, ಸಪ್ಲೈ ಚೈನ್ ಓದಿದ ಹುಡುಗ ಹುಡುಗೀರಿಗೆ ಉಪಯೋಗ ಆಗುತ್ತೆ, ಆನ್‌ಲೈನಲ್ಲಿ ಸಾಮಾನು ಮಾರೋ ಸಣ್ಣ ವ್ಯಾಪಾರಿಗಳಿಗೂ ಆಗುತ್ತೆ, ಸಣ್ಣ ಫ್ಯಾಕ್ಟರಿಗಳ ಪರ್ಚೇಸ್ ಮ್ಯಾನೇಜರ್‌ಗಳಿಗೂ ಆಗುತ್ತೆ. ಮೂರೂ ಜನಕ್ಕೆ ಮಾರಿದ್ರೆ ಮಾರ್ಕೆಟ್ ದೊಡ್ಡದಾಗುತ್ತಲ್ವಾ? ಬಲ್ಲವರು ಹೇಳಿ ದಯವಿಟ್ಟು.

ಕಲಿಸೋಮೇಷ್ಟ್ರು:

ದಾಸ್ತಾನುಪುಟ ಅವ್ರೇ, ನೀವು ಎರಡು ಪ್ರಶ್ನೆ ಕೇಳಿದೀರಿ, ಆದ್ರೆ ಬೆಲೆಯನ್ನ ಮೊದ್ಲು ಕೇಳಿ ಗಿರಾಕಿ ಯಾರು ಅನ್ನೋದನ್ನ ಕೊನೆಗೆ ಕೇಳಿದೀರಿ. ಅದನ್ನ ತಿರುಗಿಸಿಕೊಳ್ಳಿ. ಗಿರಾಕಿ ಯಾರು ಅಂತ ಗೊತ್ತಾಗೋವರೆಗೂ ಬೆಲೆ ಬಗ್ಗೆ ಯಾರು ಏನೇ ಹೇಳಿದ್ರೂ ಅದು ಊಹೆ.

ನೀವೇ ಕೊಟ್ಟಿರೋ ಆ 150ರ ಲೆಕ್ಕನೇ ತಗೊಳ್ಳಿ. ಆ ಸೂತ್ರ ಗುಟ್ಟೇನಲ್ಲ, ಹುಡುಕಿದ್ರೆ ಎಲ್ಲಿ ಬೇಕಾದ್ರೂ ಪುಕ್ಕಟೆ ಸಿಗುತ್ತೆ. ಈಗ ಅದನ್ನ ನಿಮ್ಮ ಮೂರು ಜನರ ಕೈಗೆ ಕೊಟ್ಟು ನೋಡಿ. ಕೆಲಸ ಹುಡುಕ್ತಿರೋ ಹುಡುಗನಿಗೆ ಅದು ಇಂಟರ್‌ವ್ಯೂನಲ್ಲಿ ಬರಬಹುದಾದ ಒಂದು ಪ್ರಶ್ನೆಗೆ ಉತ್ತರ, ಇವತ್ತು ಗೊತ್ತಿಲ್ಲ ಅಂದ್ರೂ ನಾಳೆ ಓದ್ಕೊಂಡ್ರೆ ನಡೆಯುತ್ತೆ. ಆನ್‌ಲೈನ್ ವ್ಯಾಪಾರಿಗೆ ಅದು ಬೇರೆ. ಚೆನ್ನಾಗಿ ಹೋಗ್ತಿರೋ ಐಟಂ ಖಾಲಿ ಆಯ್ತು ಅಂದ್ರೆ ಆ ಹತ್ತು ದಿನದ 120 ಪೀಸ್ ಮಾರಾಟ ಕೈತಪ್ಪುತ್ತೆ, ಅಷ್ಟರಲ್ಲಿ ಗಿರಾಕಿ ಪಕ್ಕದ ಲಿಸ್ಟಿಂಗ್‌ಗೆ ಹೋಗಿರ್ತಾನೆ. ಫ್ಯಾಕ್ಟರಿ ಪರ್ಚೇಸ್ ಮ್ಯಾನೇಜರ್‌ಗೆ ಅದು ಇನ್ನೂ ದೊಡ್ಡದು, ಒಂದು ಚಿಕ್ಕ ಬೋಲ್ಟ್ ಇಲ್ಲ ಅಂತ ಇಡೀ ಲೈನ್ ನಿಂತ್ರೆ ಮೇಲಿನವ್ರ ಮುಂದೆ ಉತ್ತರ ಕೊಡ್ಬೇಕಾದವ್ರು ಅವ್ರು. ಫೈಲ್ ಅದೇ, ಸಾಲು ಕೆಂಪಾಗೋದೂ ಅದೇ, ಆದ್ರೆ ಅದು ತಪ್ಪಿಸೋ ನಷ್ಟ ಮೂರು ಕಡೆ ಮೂರು ಥರ. ಬೆಲೆ ಹುಟ್ಟೋದು ಆ ನಷ್ಟದಲ್ಲಿ, ನಿಮ್ಮ ಪುಟಗಳಲ್ಲಿ ಅಲ್ಲ. ಅದಕ್ಕೇ ನೀವು ನೋಡಿದ ಮೂವತ್ತು ಪಟ್ಟು ವ್ಯತ್ಯಾಸ ನಂಗೆ ಆಶ್ಚರ್ಯ ಅನ್ನಿಸಲ್ಲ, ಅವ್ರಿಬ್ರೂ ಬೇರೆ ಬೇರೆ ಜನಕ್ಕೆ ಮಾರ್ತಿರ್ತಾರೆ.

ಚಿಕ್ಕದು ಅಂತ ಚಿಂತೆ ಮಾಡ್ಬೇಡಿ. ಕೆಲಸದಲ್ಲಿರೋ ಮನುಷ್ಯನಿಗೆ ಚಿಕ್ಕದಾಗಿರೋದೇ ಬೆಲೆ. ನಲವತ್ತು ಗಂಟೆ ವಿಡಿಯೋ ನೋಡೋಕೆ ಪರ್ಚೇಸ್ ಮ್ಯಾನೇಜರ್‌ಗೆ ಪುರುಸೊತ್ತಿಲ್ಲ, ಇವತ್ತು ಶೀಟ್ ತೆಗೆದು ನಾಳೆ ಬೆಳಿಗ್ಗೆ ತುಂಬೋ ಹಾಗಿರ್ಬೇಕು.

ಮೂರೂ ಜನಕ್ಕೆ ಮಾರಿದ್ರೆ ಮಾರ್ಕೆಟ್ ದೊಡ್ಡದು ಅನ್ನೋದು ಕಾಗದದ ಮೇಲೆ ಸರಿ. ಆದ್ರೆ ಮಾರಾಟದ ಪುಟದ ಮೊದಲ ಸಾಲು ಬರೆಯೋಕೆ ಕೂತ್ಕೊಳ್ಳಿ, ಆಗ ಗೊತ್ತಾಗುತ್ತೆ. ವಿದ್ಯಾರ್ಥಿಗೆ 'ಇಂಟರ್‌ವ್ಯೂಗೆ ಸಿದ್ಧರಾಗಿ' ಅನ್ಬೇಕು, ವ್ಯಾಪಾರಿಗೆ 'ಸೀಸನ್ ಮಧ್ಯ ಸ್ಟಾಕ್ ಖಾಲಿ ಆಗದ ಹಾಗೆ' ಅನ್ಬೇಕು, ಮ್ಯಾನೇಜರ್‌ಗೆ 'ತಿಂಗಳ ಕೊನೆಗೆ ಫಿಸಿಕಲ್ ಸ್ಟಾಕೂ ಬುಕ್ ಸ್ಟಾಕೂ ತಾಳೆ ಆಗ್ಬೇಕು' ಅನ್ಬೇಕು. ಮೂರನ್ನೂ ಒಟ್ಟಿಗೆ ಸೇರಿಸಿದ್ರೆ 'ಸ್ಟಾಕ್ ನಿರ್ವಹಣೆ ಕಲಿಯಿರಿ' ಅನ್ನೋ ಸಪ್ಪೆ ಮಾತು ಉಳಿಯುತ್ತೆ, ಅದನ್ನ ಓದಿ ಇದು ನಂಗೇ ಅಂತ ಯಾರಿಗೂ ಅನ್ಸಲ್ಲ.

ಆರಿಸೋವಾಗ ಈ ಜನ ಎಷ್ಟಿದಾರೆ ಅಂತ ನೋಡೋಕಿಂತ ಮೊದ್ಲು, ಈ ತೊಂದರೆಗೆ ಅವ್ರು ಈಗಾಗ್ಲೇ ದುಡ್ಡೋ ಸಮಯವೋ ಖರ್ಚು ಮಾಡ್ತಿದಾರಾ ನೋಡಿ. ಮಾಡ್ತಿದ್ರೆ ತೊಂದರೆ ನಿಜ. ಆಮೇಲೆ ದುಡ್ಡು ಯಾರ ಜೇಬಿಂದ ಬರುತ್ತೆ, ಸ್ವಂತದ್ದಾ ಆಫೀಸಿನದ್ದಾ. ಅವ್ರೆಲ್ಲ ಒಟ್ಟಿಗೆ ಸಿಗೋ ಜಾಗ ಒಂದಾದ್ರೂ ಇದೆಯಾ, ಗುಂಪೋ ಸಂಘವೋ ನ್ಯೂಸ್‌ಲೆಟರೋ. ಇದು ಬಹಳ ಮುಖ್ಯ, ಯಾಕಂದ್ರೆ ಎಷ್ಟೇ ಒಳ್ಳೆ ಗಿರಾಕಿ ಆದ್ರೂ ತಲುಪೋ ದಾರಿ ಇಲ್ಲ ಅಂದ್ರೆ ಏನು ಪ್ರಯೋಜನ. ಮತ್ತೆ ನಿಮ್ಮ ಅನುಭವದ ಮಾತು ಯಾರ ಹತ್ರ ತೂಕಕ್ಕೆ ಬರುತ್ತೆ ಅಂತ ನೋಡಿ. ನೀವು ಪರ್ಚೇಸ್‌ನಲ್ಲಿ ಇದ್ದವ್ರು, ನನ್ನ ಪ್ರಕಾರ ಉತ್ತರ ಅಲ್ಲೇ ಇದೆ.

ಲೆಕ್ಕಪತ್ರ:

ಮೇಷ್ಟ್ರು ಹೇಳಿದ್ದಕ್ಕೆ ನಾನು ಬರೀ ಅಂಕಿ ಸೇರಿಸ್ತೀನಿ, ಯಾಕಂದ್ರೆ 'ಮೊದ್ಲು ಕಮ್ಮಿ ಇಡು' ಅನ್ನೋ ಸಲಹೆ ಕೊಡೋರು ಯಾರೂ ಈ ಲೆಕ್ಕ ಹಾಕಿರಲ್ಲ.

ಬೆಲೆ 100 ಅಂತ ಇಟ್ಕೊಳ್ಳಿ. ಡಿಜಿಟಲ್ ಸರಕು, ಇನ್ನೊಂದು ಕಾಪಿ ಮಾಡೋಕೆ ಖರ್ಚೇ ಇಲ್ಲ ಅಂದ್ಕೊಂಡ್ರೂ 20% ಇಳಿಸಿದ್ರೆ ಅದೇ ಆದಾಯಕ್ಕೆ 25% ಹೆಚ್ಚು ಜನ ಕೊಳ್ಬೇಕು. 30% ಇಳಿಸಿದ್ರೆ ಸುಮಾರು 43% ಹೆಚ್ಚು. ಅರ್ಧಕ್ಕೆ ಇಳಿಸಿದ್ರೆ ಎರಡು ಪಟ್ಟು. ಮತ್ತೆ ಖರ್ಚೇ ಇಲ್ಲ ಅನ್ನೋದು ನಿಜ ಅಲ್ಲ. ಪೇಮೆಂಟ್ ಗೇಟ್‌ವೇ ಕಮಿಷನ್, ರೀಫಂಡ್, 'ಫೈಲ್ ಓಪನ್ ಆಗ್ತಿಲ್ಲ' ಅಂತ ಬರೋ ಮೇಲ್‌ಗಳಿಗೆ ಉತ್ತರ ಕೊಡೋ ಸಮಯ, ಎಲ್ಲಾ ಸೇರಿ ಒಂದು ಮಾರಾಟಕ್ಕೆ 20 ಹೋಯ್ತು ಅಂತ ಇಟ್ಕೊಳ್ಳಿ. ಆಗ 100ರಲ್ಲಿ ಉಳಿತಿದ್ದಿದ್ದು 80, ಬೆಲೆ 80 ಮಾಡಿದ್ರೆ ಉಳಿಯೋದು 60, ಅಂದ್ರೆ 20% ಇಳಿಸಿದ್ದಕ್ಕೆ 33% ಹೆಚ್ಚು ಗಿರಾಕಿ ಬೇಕು, ಅವರ ಮೇಲ್‌ಗಳೂ ಅಷ್ಟೇ ಹೆಚ್ಚು.

ತಿರುಗಿಸಿ ನೋಡಿ. ಬೆಲೆ 100ರಿಂದ 125 ಮಾಡಿದ್ರೆ ಐದು ಜನರಲ್ಲಿ ಒಬ್ರು ಬಿಟ್ಟು ಹೋದ್ರೂ ಆದಾಯ ಅಷ್ಟೇ ಇರುತ್ತೆ, ಉತ್ತರ ಕೊಡ್ಬೇಕಾದ ಜನ ಕಮ್ಮಿ ಆಗ್ತಾರೆ.

ಇದರ ಮೇಲೆ ಜಾಹೀರಾತು. ಒಂದು ಕ್ಲಿಕ್‌ಗೆ 1 ಖರ್ಚು, ನೂರು ಜನ ಪುಟ ನೋಡಿದ್ರೆ ಇಬ್ರು ಕೊಳ್ತಾರೆ ಅಂತ ಇಟ್ಕೊಳ್ಳಿ. ಒಬ್ಬ ಗಿರಾಕಿಯನ್ನ ತರೋಕೆ 50 ಆಯ್ತು. ನಿಮ್ಮ ಬೆಲೆ 40 ಇದ್ರೆ ಪ್ರತಿ ಮಾರಾಟಕ್ಕೂ 10 ಕೈ ಕಚ್ಚುತ್ತೆ, ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ. ಕಮ್ಮಿ ಬೆಲೆಯ ಸರಕು ಕೊಳ್ಳೋ ಜನ ಹುಡುಕ್ಕೊಂಡು ತಾವೇ ಬರೋ ಹಾಗಿದ್ರೆ ಮಾತ್ರ ನಡೆಯುತ್ತೆ. ಹೊಸಬರಿಗೆ ಆ ಹರಿವು ಇರಲ್ಲ.

ಆಮೇಲೆ ಏರಿಸು ಅನ್ನೋದೂ ಹೇಳಿದಷ್ಟು ಸಲೀಸಲ್ಲ, ಕಮ್ಮಿ ಬೆಲೆಗೆ ಬಂದವ್ರು ಕಮ್ಮಿ ಬೆಲೆಯವ್ರನ್ನೇ ಕರ್ಕೊಂಡು ಬರ್ತಾರೆ. ಅವ್ರ ರಿವ್ಯೂಗಳಲ್ಲಿ 'ಕೊಟ್ಟ ದುಡ್ಡಿಗೆ ಮೋಸ ಇಲ್ಲ' ಅಂತಿರುತ್ತೆ. ಪರ್ಚೇಸ್ ಮ್ಯಾನೇಜರ್ ಅದನ್ನ ಓದಿ ಇದು ಕಲಿಯೋ ಮಕ್ಕಳದ್ದು ಅಂತ ಮುಂದೆ ಹೋಗ್ತಾರೆ.

ಇಳಿಬಿಸಿಲು:

ನಂದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ರೂ ಬೆಲೆ ಏರಿಸಿ ಏರಿಸಿ ಅಂತ ಹೇಳ್ತಿದೀರ, ಆದ್ರೆ ಮಾಹಿತಿ ಅನ್ನೋದು ಹೆಚ್ಚು ಜನಕ್ಕೆ ತಲುಪ್ಲಿ ಅಂತಾನೂ ಒಂದು ಇರುತ್ತಲ್ವಾ. ನಾನು ಕಲ್ತಿದ್ದೆಲ್ಲ ಕಮ್ಮಿ ಬೆಲೆಯ ಪುಸ್ತಕ, ಪುಕ್ಕಟೆ ವಿಡಿಯೋ ನೋಡಿ. ಕಾಪಿ ಮಾಡೋಕೆ ಖರ್ಚಿಲ್ಲದ ವಸ್ತುವನ್ನ ಕೈಗೆ ಎಟುಕದ ಬೆಲೆಗೆ ಇಟ್ರೆ ನಿಜವಾಗ್ಲೂ ಬೇಕಾದ ಹುಡುಗರು ಹೊರಗೇ ಉಳೀತಾರೆ. 1984ರಲ್ಲಿ ಅಮೆರಿಕದ ಲೇಖಕ ಸ್ಟೀವರ್ಟ್ ಬ್ರ್ಯಾಂಡ್ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಹೇಳಿದ ಮಾತು ಎಲ್ರಿಗೂ ಗೊತ್ತು, ಮಾಹಿತಿ ಮುಕ್ತವಾಗೋಕೆ ಬಯಸುತ್ತೆ ಅನ್ನೋದು.

ಮತ್ತೆ ಬಂಡಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಟೆಂಪ್ಲೇಟ್ ಒಂದಕ್ಕೆ ಆಸೆ ಇರೋರು ಬೇರೆ, ವಿಡಿಯೋಗೆ ಆಸೆ ಇರೋರು ಬೇರೆ. ಒಬ್ರಿಗೆ ಟೆಂಪ್ಲೇಟ್‌ಗೆ 80, ವಿಡಿಯೋಗೆ 20 ಕೊಡೋ ಮನಸ್ಸಿದೆ, ಇನ್ನೊಬ್ರಿಗೆ ಉಲ್ಟಾ. ಬಿಡಿಬಿಡಿಯಾಗಿ 80ರಂತೆ ಇಟ್ರೆ ಒಬ್ಬೊಬ್ರು ಒಂದೊಂದು ಕೊಂಡು ಒಟ್ಟು 160 ಬರುತ್ತೆ, ಎರಡನ್ನೂ ಸೇರಿಸಿ 100ಕ್ಕೆ ಕೊಟ್ರೆ ಇಬ್ರೂ ಕೊಂಡು 200 ಬರುತ್ತೆ, ಅವ್ರಿಗೂ ಎರಡೂ ಸಿಕ್ತು. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲೇ ಸಿನಿಮಾ ಕಂಪನಿಗಳು ಚಿತ್ರಗಳನ್ನ ಕಟ್ಟು ಕಟ್ಟಾಗಿ ಮಾರೋದನ್ನ ಇದೇ ಥರ ವಿವರಿಸಿದ್ರು. ಹಾಗಾಗಿ ಸೇರಿಸಿ ಕೊಡಿ, ಬೆಲೆ ಹಿಡಿತದಲ್ಲಿಡಿ, ಹೆಚ್ಚು ಜನಕ್ಕೆ ಕೊಡಿ ಅಂತ ನನ್ನ ಮಾತು.

ಕಲಿಸೋಮೇಷ್ಟ್ರು:

ಇಳಿಬಿಸಿಲು ಅವ್ರೇ, ನಿಮ್ಮ ಕಳಕಳಿ ನಂಗೆ ಅರ್ಥ ಆಗುತ್ತೆ, ಬಂಡಲ್ ಲೆಕ್ಕನೂ ಸರಿಯಾಗಿದೆ. ಆದ್ರೆ ಬ್ರ್ಯಾಂಡ್ ಹೇಳಿದ್ದರಲ್ಲಿ ಅರ್ಧ ಮಾತ್ರ ಎಲ್ರಿಗೂ ನೆನಪಿರೋದು. ಅದೇ ಉಸಿರಲ್ಲಿ ಅವ್ರು ಮಾಹಿತಿ ದುಬಾರಿ ಆಗೋಕೂ ಬಯಸುತ್ತೆ ಅಂತ ಹೇಳಿದ್ರು, ಯಾಕಂದ್ರೆ ಸರಿಯಾದ ಜಾಗದಲ್ಲಿ ಸರಿಯಾದ ಮಾಹಿತಿ ಒಬ್ಬರ ಬದುಕನ್ನೇ ಬದಲಾಯಿಸುತ್ತೆ. ಎರಡೂ ಎಳೆತ ಯಾವಾಗ್ಲೂ ಇರುತ್ತೆ.

ಎಲ್ಲರಿಗೂ ಅಂತ ಮಾಡಿದ ಮಾಹಿತಿ ಪುಕ್ಕಟೆ ಕಡೆಗೇ ಜಾರುತ್ತೆ ಅನ್ನೋದಕ್ಕೆ ವಿಶ್ವಕೋಶಗಳ ಕಥೆ ನೋಡಿ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ 1768ರಲ್ಲಿ ಶುರುವಾಗಿದ್ದು, ದೊಡ್ಡ ದೊಡ್ಡ ಸಂಪುಟಗಳು, ಅವುಗಳನ್ನ ಮನೆಬಾಗಿಲಿಗೆ ಹೋಗಿ ಮಾರೋ ಸೇಲ್ಸ್‌ಮನ್‌ಗಳ ಪಡೆಯೇ ಇತ್ತು. 1993ರಲ್ಲಿ ಮೈಕ್ರೋಸಾಫ್ಟ್ ಎನ್‌ಕಾರ್ಟಾ ಸಿಡಿ ತಂತು, ಬೆಲೆಯಲ್ಲಿ ಬ್ರಿಟಾನಿಕಾದ ಹತ್ರಕ್ಕೂ ಬರದಷ್ಟು ಅಗ್ಗ. 2001ರಲ್ಲಿ ವಿಕಿಪೀಡಿಯ ಬಂತು, ಅದು ಪೂರ್ತಿ ಪುಕ್ಕಟೆ, 2009ರಲ್ಲಿ ಎನ್‌ಕಾರ್ಟಾನೇ ಮುಚ್ಚಿತು. ಅಗ್ಗವನ್ನ ಇನ್ನೂ ಅಗ್ಗವಾದದ್ದು ತಿಂದು ಹಾಕ್ತು. ಬ್ರಿಟಾನಿಕಾ 2012ರಲ್ಲಿ ಅಚ್ಚು ಹಾಕೋದನ್ನ ನಿಲ್ಲಿಸ್ತು, ಆದ್ರೆ ಕಂಪನಿ ಉಳೀತು. ಶಾಲೆಗಳಿಗೆ, ಲೈಬ್ರರಿಗಳಿಗೆ ಆನ್‌ಲೈನ್ ಚಂದಾ, ಪಾಠದ ಸಾಮಗ್ರಿ ಕಡೆ ಅಷ್ಟೊತ್ತಿಗೆ ಹೊರಳಿತ್ತು. ಪುಕ್ಕಟೆ ವಿಕಿಪೀಡಿಯ ಪಕ್ಕದಲ್ಲೇ ಇದ್ರೂ ಶಾಲೆಗಳು ದುಡ್ಡು ಕೊಡ್ತವೆ, ಯಾಕಂದ್ರೆ ಮಕ್ಕಳ ಮಟ್ಟಕ್ಕೆ ಹೊಂದಿಸಿದ್ದು, ಸಂಪಾದಕರು ನೋಡಿದ್ದು, ಟೀಚರ್ ಧೈರ್ಯವಾಗಿ ಕೊಡಬಹುದಾದದ್ದು ಬೇಕು ಅವ್ರಿಗೆ. ದಾಸ್ತಾನುಪುಟ ಅವ್ರ ಸೂತ್ರ ಪುಕ್ಕಟೆ ಸಿಗುತ್ತೆ ಅಂದ್ನಲ್ಲ, ಅವ್ರ ಶೀಟಿಗೆ ಬೆಲೆ ಬರೋದೂ ಇದೇ ಕಾರಣಕ್ಕೆ.

ವಿದ್ಯಾರ್ಥಿಗಳಿಗೆ ಬೇಡ ಅಂತ ಅಲ್ಲ. ಅವ್ರಿಗೋಸ್ಕರ ಎಲ್ಲರ ಬೆಲೆ ಇಳಿಸೋದು ಬೇಡ, ಅವ್ರಿಗೆ ಬೇರೆ ದಾರಿ ಮಾಡಿ.

ದಾಸ್ತಾನುಪುಟ:

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರಲಿಲ್ಲ. ಓದಿ ಓದಿ ಪರ್ಚೇಸ್ ಮತ್ತೆ ಸ್ಟೋರ್ಸ್ ನೋಡ್ಕೊಳ್ಳೋ ಜನ, ಅದೂ ಸಣ್ಣ ಫ್ಯಾಕ್ಟರಿಗಳವ್ರು, ಅವ್ರನ್ನೇ ಹಿಡಿಯೋಣ ಅಂತ ಮನಸ್ಸು ಮಾಡಿದೀನಿ. ಅವ್ರ ಕಷ್ಟ ನಂಗೆ ಒಳಗಿಂದ ಗೊತ್ತು, ಎಣಿಕೆ ದಿನ ರಾತ್ರಿ ಎಷ್ಟೊತ್ತಿನವರೆಗೂ ಕೂರ್ತಾರೆ ಅಂತ ಗೊತ್ತು.

ಈಗ ಎರಡು ಸಂದೇಹ. ಒಂದು, ಸರಿಯಾದ ಬೆಲೆ ಎಷ್ಟು ಅಂತ ಅವ್ರನ್ನೇ ಕೇಳೋದು ಹೇಗೆ, ನೇರ ಕೇಳಿದ್ರೆ ಯಾರಾದ್ರೂ ಕಮ್ಮಿನೇ ಹೇಳ್ತಾರೆ. ಎರಡು, ಕೊಳ್ಳೋ ಮೊದ್ಲು ಅವ್ರಿಗೆ ಒಳಗೇನಿದೆ ಅಂತ ತೋರಿಸ್ಬೇಕು, ತೋರಿಸಿದ್ರೆ ಅರ್ಧ ವಿಷಯ ಕೊಟ್ಟ ಹಾಗೇ ಆಯ್ತು. ಟೆಂಪ್ಲೇಟ್ ಸ್ಕ್ರೀನ್‌ಶಾಟ್ ನೋಡಿ ಕೈ ಪಳಗಿದ ಮನುಷ್ಯ ತಾನೇ ಮಾಡ್ಕೊಂಡು ಬಿಡ್ತಾನೆ.

ಹಳೇಪುಟ:

ಎರಡನೇ ಸಂದೇಹ ನಿಮಗೊಬ್ರಿಗೇ ಬಂದಿದ್ದಲ್ಲ. ಕೆನೆತ್ ಆರೋ ಅನ್ನೋ ಅರ್ಥಶಾಸ್ತ್ರಜ್ಞ 1962ರಲ್ಲೇ ಇದನ್ನ ಬರೆದಿಟ್ಟಿದಾರೆ, ಮಾಹಿತಿಯ ಬೆಲೆ ಕೊಳ್ಳೋನಿಗೆ ಗೊತ್ತಾಗ್ಬೇಕು ಅಂದ್ರೆ ಅದು ಅವನ ಕೈಗೆ ಬರ್ಬೇಕು, ಕೈಗೆ ಬಂದ ಮೇಲೆ ದುಡ್ಡು ಕೊಡೋ ಅಗತ್ಯನೇ ಇಲ್ಲ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿದ ಹಾಗೆ ಇದನ್ನ ತೋರಿಸೋಕಾಗಲ್ಲ. ಹಾಗಂತ ಮುಚ್ಚಿಟ್ರೆ ಯಾರೂ ಕೊಳ್ಳಲ್ಲ.

ಇದಕ್ಕೆ ಕೆಲಸದಲ್ಲಿ ನಾನು ನೋಡಿರೋ ಒಳ್ಳೆ ದಾರಿ ಅಂದ್ರೆ, ಏನು ಮಾಡ್ಬೇಕು ಅನ್ನೋದನ್ನ ಪೂರ್ತಿ ಬಿಟ್ಟುಕೊಡಿ, ಅದನ್ನ ಸಲೀಸಾಗಿ ಮಾಡೋ ಸಾಧನವನ್ನ ಮಾರಿ. ಆ 12, 10, 30, 150 ಲೆಕ್ಕವನ್ನ ಒಂದು ಪುಕ್ಕಟೆ ಲೇಖನದಲ್ಲಿ ಚೆನ್ನಾಗಿ ಬಿಡಿಸಿ ಬರೀರಿ, ಒಂದೇ ಐಟಂ ಹಾಕಬಹುದಾದ ಚಿಕ್ಕ ಶೀಟ್ ಜೊತೆಗೆ ಕೊಡಿ. ಮ್ಯಾನೇಜರ್ ಅದರಲ್ಲಿ ತನ್ನದೇ ಒಂದು ಐಟಂ ಹಾಕಿ ನೋಡ್ತಾರೆ, ಹೌದಲ್ಲ ಇದು ಸರಿ ಬರುತ್ತೆ ಅಂತ ಅನ್ಸುತ್ತೆ, ಅಷ್ಟರಲ್ಲಿ ತನ್ನ ಹತ್ರ ಇನ್ನೂ ಎಂಟುನೂರು ಐಟಂ ಇದೆ ಅಂತ ನೆನಪಾಗುತ್ತೆ. ಕೈ ಪಳಗಿದವ್ರು ತಾವೇ ಮಾಡ್ಕೊಳ್ತಾರೆ, ಮಾಡ್ಕೊಳ್ಳಲಿ ಬಿಡಿ, ಅವ್ರು ನಿಮ್ಮ ಗಿರಾಕಿ ಅಲ್ಲ. ತಿಂಗಳ ಕೊನೆ ಹತ್ರ ಬಂದಿದೆ, ಕೂತು ಫಾರ್ಮುಲಾ ಬರೆಯೋಕೆ ಪುರುಸೊತ್ತಿಲ್ಲ ಅನ್ನೋರು ನಿಮ್ಮ ಗಿರಾಕಿ. ಇದರ ಜೊತೆ ರೀಫಂಡ್ ಮಾತನ್ನ ಸ್ಪಷ್ಟವಾಗಿ ಬರೆದ್ರೆ ಉಳಿದ ಹೆದರಿಕೆನೂ ಕಮ್ಮಿ ಆಗುತ್ತೆ.

ಬೆಲೆ ಕೇಳೋದಕ್ಕೆ ಪೀಟರ್ ವ್ಯಾನ್ ವೆಸ್ಟೆನ್‌ಡಾರ್ಪ್ ಅನ್ನೋ ಡಚ್ ಅರ್ಥಶಾಸ್ತ್ರಜ್ಞ 1976ರಲ್ಲಿ ಒಂದು ವಿಧಾನ ಕೊಟ್ರು, ಅದು ಈಗ್ಲೂ ಬಳಕೆಯಲ್ಲಿದೆ. ಎಷ್ಟು ಕೊಡ್ತೀರ ಅಂತ ಕೇಳೋ ಬದ್ಲು ನಾಲ್ಕು ಪ್ರಶ್ನೆ ಕೇಳೋದು. ಬೆಲೆ ಎಷ್ಟಿದ್ರೆ ಇದು ಇಷ್ಟು ಅಗ್ಗನಾ, ಇದರಲ್ಲಿ ಹುರುಳಿಲ್ಲ ಬಿಡು ಅನ್ಸುತ್ತೆ? ಎಷ್ಟಿದ್ರೆ ಒಳ್ಳೆ ಬೆಲೆಗೆ ಸಿಕ್ತು ಅನ್ಸುತ್ತೆ? ಎಷ್ಟಾದ್ರೆ ಜಾಸ್ತಿ ಆಯ್ತು, ಆದ್ರೂ ಯೋಚನೆ ಮಾಡ್ತೀನಿ ಅನ್ಸುತ್ತೆ? ಎಷ್ಟಾದ್ರೆ ಸಾಧ್ಯನೇ ಇಲ್ಲ ಅನ್ಸುತ್ತೆ? ಎಲ್ಲರ ಉತ್ತರವನ್ನ ಗ್ರಾಫಲ್ಲಿ ಹಾಕಿದ್ರೆ ಗೆರೆಗಳು ಒಂದನ್ನೊಂದು ದಾಟೋ ಜಾಗಗಳಲ್ಲಿ ಒಂದು ವ್ಯಾಪ್ತಿ ಕಾಣುತ್ತೆ. ಮೊದಲ ಪ್ರಶ್ನೆ ನಿಮಗೆ ತುಂಬಾ ಬೇಕಾದದ್ದು, ತೀರಾ ಅಗ್ಗ ಆದ್ರೂ ಗಿರಾಕಿ ಹೋಗ್ತಾನೆ ಅನ್ನೋದು ಅಲ್ಲೇ ಕಾಣುತ್ತೆ. ಆದ್ರೆ ಇದು ಜನ ಹೇಳೋ ಮಾತು ಮಾತ್ರ, ಕಾರ್ಡ್ ತೆಗೆಯೋದು ಬೇರೆ. ವ್ಯಾಪ್ತಿ ಸಿಕ್ಕ ಮೇಲೆ ಅದರೊಳಗೆ ಒಂದು ಬೆಲೆ ಇಟ್ಟು ನಿಜವಾಗ್ಲೂ ಮಾರಿ ನೋಡ್ಬೇಕು. ಮತ್ತೆ ಕೇಳೋದು ಪರ್ಚೇಸ್ ಜನರನ್ನೇ ಆಗಿರ್ಬೇಕು, ವಿದ್ಯಾರ್ಥಿಗಳನ್ನ ಸೇರಿಸಿದ್ರೆ ಎರಡು ಮಾರ್ಕೆಟ್‌ನ ಸರಾಸರಿ ಬರುತ್ತೆ, ಆ ಬೆಲೆ ಇಬ್ಬರಿಗೂ ಹೊಂದಲ್ಲ.

ಸಮೀಕ್ಷೆಗಿಂತ ನಂಗೆ ಹೆಚ್ಚು ನಂಬಿಕೆ ಇರೋದು ಮಾತುಕತೆ ಮೇಲೆ. ಹತ್ತಾರು ಮ್ಯಾನೇಜರ್‌ಗಳ ಹತ್ರ ಮಾತಾಡಿ, ಬೆಲೆ ಮಾತು ಎತ್ತಲೇಬೇಡಿ. ಕೊನೇ ಸಲ ಸ್ಟಾಕ್ ಖಾಲಿ ಆದಾಗ ಏನಾಯ್ತು, ತುರ್ತಾಗಿ ತರಿಸೋಕೆ ಸಾಗಣೆಗೆ ಎಷ್ಟು ಹೆಚ್ಚು ಕೊಟ್ರಿ, ಈಗ ಇದನ್ನ ಹೇಗೆ ನಿಭಾಯಿಸ್ತೀರ, ಇಂಥ ಸಣ್ಣ ಖರೀದಿಗೆ ನೀವೇ ಸಹಿ ಹಾಕಬಹುದಾ ಇಲ್ಲ ಮೇಲಕ್ಕೆ ಹೋಗ್ಬೇಕಾ ಅಂತ ಕೇಳಿ. ಕೊನೆಯ ಪ್ರಶ್ನೆಯ ಉತ್ತರ ಚಿನ್ನ. ಅವ್ರೇ ಸಹಿ ಹಾಕಬಹುದಾದ ಮಿತಿಯ ಒಳಗಿರೋ ಬೆಲೆಗೂ ಆಚೆ ಇರೋ ಬೆಲೆಗೂ ಅಜಗಜಾಂತರ, ಆಚೆ ಹೋದ್ರೆ ಮೂರು ಕೊಟೇಷನ್ ಕೇಳ್ತಾರೆ, ವೆಂಡರ್ ರಿಜಿಸ್ಟ್ರೇಷನ್ ಅಂತಾರೆ. ಪರ್ಚೇಸ್‌ನಲ್ಲಿ ಇದ್ದವ್ರು, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಲೆಕ್ಕಪತ್ರ:

ಹಳೇಪುಟ ಅವ್ರ ಆ ಸಹಿಯ ಮಿತಿ ಮಾತು ನೂರಕ್ಕೆ ನೂರು ಸರಿ. ಅದರ ಜೊತೆ ಒಂದೇ ಬೆಲೆ ಇಡ್ಬೇಡಿ, ಎರಡು ಮೂರು ಆವೃತ್ತಿ ಮಾಡಿ. ಅರ್ಥಶಾಸ್ತ್ರಜ್ಞರಾದ ಕಾರ್ಲ್ ಶಪಿರೊ, ಹ್ಯಾಲ್ ವೇರಿಯನ್ ಇಬ್ರೂ 1990ರ ದಶಕದಲ್ಲಿ ಇದನ್ನ ವರ್ಷನಿಂಗ್ ಅಂತ ಚೆನ್ನಾಗಿ ವಿವರಿಸಿದಾರೆ, ಯಾರಿಗೆ ಎಷ್ಟು ಬೆಲೆ ಅಂತ ನಾವು ತೀರ್ಮಾನ ಮಾಡೋ ಬದ್ಲು ಗಿರಾಕಿನೇ ತನ್ನನ್ನ ವಿಂಗಡಿಸಿಕೊಳ್ಳೋ ಹಾಗೆ ಮಾಡೋದು. ಆಗೆಲ್ಲ ಶೇರು ಬೆಲೆ ಕೆಲವು ನಿಮಿಷ ತಡವಾಗಿ ಪುಕ್ಕಟೆ ಸಿಗ್ತಿತ್ತು, ಆ ಕ್ಷಣದ ಬೆಲೆ ಬೇಕಂದ್ರೆ ದುಡ್ಡು ಕೊಡ್ಬೇಕಿತ್ತು. ದಿನವಿಡೀ ಟ್ರೇಡಿಂಗ್ ಮಾಡೋನಿಗೆ ಆ ನಿಮಿಷಗಳೇ ಎಲ್ಲಾ, ಸುಮ್ನೆ ನೋಡೋನಿಗೆ ತಡ ಆದ್ರೂ ಪರವಾಗಿಲ್ಲ.

ನಿಮ್ಮದಕ್ಕೆ ಗೆರೆ ಎಲ್ಲಿ ಎಳೀಬೇಕು ಅಂದ್ರೆ, ಮ್ಯಾನೇಜರ್‌ಗೆ ಬೇಕೇ ಬೇಕಾದ, ಆದ್ರೆ ಒಬ್ಬಂಟಿಯಾಗಿ ಕಲಿಯೋರಿಗೆ ಬೇಡವೇ ಬೇಡದ ವಸ್ತುಗಳು ಯಾವುವು ನೋಡಿ. ಇಡೀ ಸ್ಟೋರ್ಸ್ ತಂಡಕ್ಕೆ ಬಳಸೋ ಹಕ್ಕು, ಕಂಪನಿ ಹೆಸರಲ್ಲಿ ಇನ್‌ವಾಯ್ಸ್, ಹಲವು ಗೋದಾಮು ಸೇರಿಸೋ ಶೀಟ್, ತಮ್ಮ ಐಟಂ ಕೋಡ್ ಹಾಕಿ ಹೊಂದಿಸೋಕೆ ಒಂದು ಕರೆ. ಇವೆಲ್ಲ ಮೇಲಿನ ಆವೃತ್ತಿಗೆ. ಒಬ್ಬರೇ ಬಳಸೋ ಬರೀ ಗೈಡ್ ಮತ್ತು ಸಾದಾ ಶೀಟ್ ಕೆಳಗಿನದ್ದು. ಕೆಳಗಿನದ್ದನ್ನ ಬೇಕಂತಲೇ ಕೆಡಿಸ್ಬೇಡಿ, ಅದರಲ್ಲಿರೋ ಲೆಕ್ಕ ಸರಿಯಾಗೇ ಇರ್ಬೇಕು, ಅಲ್ಲಿ ನಂಬಿಕೆ ಹೋದ್ರೆ ಮೇಲಿನದ್ದನ್ನ ಯಾರು ಕೊಳ್ತಾರೆ.

ಮಾರಾಟದ ಪುಟದಲ್ಲಿ ಮೇಲಿನ ಆವೃತ್ತಿಯನ್ನ ಮೊದ್ಲು ತೋರಿಸಿ.

ಇಳಿಬಿಸಿಲು:

ಹೀಗೆ ವಿಂಗಡಿಸೋದಾದ್ರೆ ನನ್ನ ತಕರಾರಿಲ್ಲ. ವಿದ್ಯಾರ್ಥಿಗಳಿಗೆ ಕಾಲೇಜುಗಳ ಮೂಲಕ ಕೊಡಬಹುದು, ಒಂದು ವಿಭಾಗಕ್ಕೆ ಒಂದು ಲೈಸೆನ್ಸ್ ಅಂತ. ಹುಡುಗರ ಜೇಬಿಗೆ ಕತ್ತರಿ ಬೀಳಲ್ಲ, ಅವ್ರು ನಾಳೆ ಸ್ಟೋರ್ಸ್‌ಗೆ ಕೆಲಸಕ್ಕೆ ಸೇರಿದಾಗ ಕೈಗೆ ಅಭ್ಯಾಸ ಆಗಿರೋದು ಈ ಶೀಟೇ ಆಗಿರುತ್ತೆ.

ದಾಸ್ತಾನುಪುಟ:

ಇದು ಬಹಳ ಹಿಡಿಸ್ತು. ಕೊನೆಯದಾಗಿ ಒಂದು. ಮೊದಲ ತಂಡಕ್ಕೆ ಪರಿಚಯದ ಕೆಲವು ಮ್ಯಾನೇಜರ್‌ಗಳಿಗೆ ಕಮ್ಮಿ ಬೆಲೆಗೆ ಕೊಟ್ಟು ಅವ್ರ ಅನುಭವ ಬರೆಸಿಕೊಳ್ಳೋಣ ಅಂತಿದೀನಿ. ಆಮೇಲೆ ಬೆಲೆ ಏರಿಸಿದಾಗ ಹೊಸಬರು ಅವ್ರಿಗೊಂದು ನಮಗೊಂದಾ ಅಂತ ಕೇಳಿದ್ರೆ?

ಹಳೇಪುಟ:

ಏನೂ ಮುಚ್ಚಿಡ್ಬೇಡಿ, ಪೂರ್ತಿ ಬೆಲೆಯನ್ನ ಮೊದಲ ದಿನದಿಂದಲೇ ಪುಟದಲ್ಲಿ ಹಾಕಿ. ಮೊದಲ ತಂಡಕ್ಕೆ ಕಮ್ಮಿ ಯಾಕೆ ಅಂದ್ರೆ ಅವ್ರು ಕೆಲಸ ಮಾಡ್ತಿದಾರೆ ಅಂತ ಹೇಳಿ, ತಮ್ಮ ನಿಜವಾದ ಐಟಂ ಪಟ್ಟಿ ಹಾಕಿ ಶೀಟ್ ಓಡಿಸಿ ಎಲ್ಲಿ ತಡೀತು ಅಂತ ಬರೆದು ಕೊಡ್ಬೇಕು, ತಂಡ ಇಷ್ಟೇ ಜನ, ಇಷ್ಟನೇ ತಾರೀಕಿಗೆ ಮುಗೀತು. ಆಗ ಅದು ರಿಯಾಯಿತಿ ಅಲ್ಲ, ಕೊಡು ಕೊಳ್ಳು.

ಅನುಭವ ಬರೆಸೋವಾಗ 'ತುಂಬಾ ಚೆನ್ನಾಗಿದೆ' ಅನ್ನೋದನ್ನ ತಗೋಬೇಡಿ. ಮೊದ್ಲು ಎಣಿಕೆಗೆ ಎಷ್ಟೊತ್ತು ಆಗ್ತಿತ್ತು, ಈಗ ಎಷ್ಟೊತ್ತು, ಮೂಲೆ ಹಿಡಿದಿದ್ದ ಮಾಲಲ್ಲಿ ಎಷ್ಟು ಹೊರಗೆ ಹೋಯ್ತು, ಇದನ್ನ ಅವ್ರ ಮಾತಲ್ಲೇ ಬರೆಸಿ, ಕಂಪನಿ ಹೆಸರು ಹಾಕೋಕೆ ಒಪ್ಪಿಗೆ ಇದೆಯಾ ಅಂತ ಬರವಣಿಗೆಯಲ್ಲಿ ಕೇಳ್ಕೊಳ್ಳಿ. ಫ್ಯಾಕ್ಟರಿಯವ್ರು ಕೆಲವ್ರು ಸ್ಟಾಕ್ ಅಂಕಿ ಹೊರಗೆ ಬಿಡೋಕೆ ಒಪ್ಪಲ್ಲ, ಅಂಥವ್ರ ಹತ್ರ ಶೇಕಡಾವಾರು ಮಾತ್ರ ಕೇಳಿ. ಮತ್ತೆ ಆ ತಂಡದಲ್ಲಿ ಗೊತ್ತಿರೋರೇ ತುಂಬ್ಕೋಬಾರ್ದು, ಗುರುತಿಲ್ಲದವ್ರು ಅರ್ಧಕ್ಕಿಂತ ಹೆಚ್ಚಿರ್ಲಿ, ಪರಿಚಯದವ್ರು ಬೆಲೆ ಜಾಸ್ತಿ ಆಯ್ತು ಅಂತ ನಿಮ್ಮ ಮುಖ ನೋಡ್ಕೊಂಡು ಹೇಳಲ್ಲ.